ಉಪವಾಸದಿಂದ ಉಬ್ಬಿದ ಫಿಟ್ಟರ್

ಊರೂರು ತಿರುಗುವವರು ಮೈ ಬೆಳೆಯದಂತೆ ನೋಡಿಕೊಳ್ಳುವುದು ಹೇಗೆ ಎಂಬ ವಿಷಯದಲ್ಲಿ ಈಗ ಎಲ್ಲರೂ ಪಂಡಿತರು. ನನ್ನ ಮೊಮ್ಮಗಳು ಪುಣೆಗೆ ಹೋಗಿಬರುವುದಿದ್ದರೂ ಚೀಲದಲ್ಲಿ ಒಂದು ಡಬ್ಬಿ ಬಾದಾಮಿ, ಜಿಗಿಯುವ ಹಗ್ಗ, ಸುರುಳಿ ಸುತ್ತಿದ ಚಾಪೆ ಇಟ್ಟುಕೊಳ್ಳುತ್ತಾಳೆ. "ಅಜ್ಜಾ, ಪ್ರವಾಸದಾಗ ಡಿಸಿಪ್ಲಿನ್ ಬೇಕು" ಎಂದು ನನಗೇ ಪಾಠ ಹೇಳುತ್ತಾಳೆ. ಇಂಥ ಉಪದೇಶ ಮಾಡುವವರೆಲ್ಲ ಲಾಡ್ಜಿನಲ್ಲಿ ಇಳಿಯುವ ಜನ. ಅಲ್ಲಿ ಬೇಡವೆಂದರೆ ಮಾಣಿ ತಟ್ಟೆ ಎತ್ತಿಕೊಂಡು ಹೋಗುತ್ತಾನೆ. ಆದರೆ ಪರರ ಮನೆಯ ಪಡಸಾಲೆಯಲ್ಲಿ ಮಣೆಯ ಮೇಲೆ ಕೂತು, ಎದುರಿಗೆ ಸೌಟು ಹಿಡಿದು ನಿಂತ ತಾಯಿಗೆ ಬೇಡ ಎಂದು ಹೇಳಿ ಗೆದ್ದವರನ್ನು ನಾನು ಇಷ್ಟು ವಯಸ್ಸಾದರೂ ಕಂಡಿಲ್ಲ. ಗೆಲ್ಲಲು ನಾನೊಂದು ಉಪಾಯ ಹೂಡಿದ್ದೆ. ಅದರ ಫಲ ಇವತ್ತಿಗೂ ನನ್ನ ಮುಂದೆ ಮುಂದೆ ನಡೆಯುತ್ತದೆ. ನಾನು ಅದರ ಹಿಂದೆ ನಡೆಯುತ್ತೇನೆ.

ನಾನು ಬೀದರ್ ಜಿಲ್ಲೆಯವನು. ಮೆಟ್ರಿಕ್ ಮುಗಿಸಿ, ಮುಂದೆ ಓದುವ ತಲೆ ಇಲ್ಲವೆಂದು ಮನೆಯವರೂ ಮಾಸ್ತರರೂ ಒಮ್ಮತಕ್ಕೆ ಬಂದ ಮೇಲೆ, ನಾಸಿಕಕ್ಕೆ ಹೋಗಿ ಡೀಸೆಲ್ ಎಂಜಿನ್ ಮಾರುವ ಅಂಗಡಿಯೊಂದರಲ್ಲಿ ಫಿಟ್ಟರ್ ಆದೆ. ಅಂಗಡಿಯ ಮಾಲೀಕರು ಕಲಬುರಗಿ ಕಡೆಯ ಬಸಲಿಂಗಪ್ಪ ಸಾವಕಾರರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಆ ಕಾಲದಲ್ಲಿ ರೈತರು ಎತ್ತುಗಳನ್ನು ಮಾರಿ ನೀರೆತ್ತುವ ಎಂಜಿನ್ ಕೊಳ್ಳುತ್ತಿದ್ದರು. ಲಾಸಲಗಾಂವದ ಈರುಳ್ಳಿ ಹೊಲಗಳಿಂದ ಹಿಡಿದು ದೌಲತಾಬಾದಿನ ಕೋಟೆಯ ಕೆಳಗಿನ ತೋಟಗಳವರೆಗೆ ನಮ್ಮ ಅಂಗಡಿಯ ಎಂಜಿನ್‌ಗಳು ಟಕಟಕ ಎನ್ನುತ್ತಿದ್ದವು. ಅವು ಟಕಟಕ ಎನ್ನುವುದನ್ನು ನಿಲ್ಲಿಸಿದಾಗ ನಾನು ಹೊರಡುತ್ತಿದ್ದೆ. ಈಗ ಛತ್ರಪತಿ ಸಂಭಾಜಿನಗರ ಎಂದು ಬೋರ್ಡು ಹಾಕಿಕೊಂಡಿರುವ ಊರು ಆಗ ಔರಂಗಾಬಾದ್. ನಾಸಿಕದಿಂದ ಮನಮಾಡದವರೆಗೆ ದೊಡ್ಡ ರೈಲು, ಅಲ್ಲಿಂದ ಮುಂದೆ ಸಣ್ಣ ರೈಲು. ತಿಂಗಳಲ್ಲಿ ಅರ್ಧ ಹೀಗೇ ಕಳೆಯುತ್ತಿತ್ತು.

ಬೇಸಿಗೆ ಹತ್ತಿರವಾದಂತೆ ಬಾವಿಯ ನೀರು ಕೆಳಗಿಳಿಯುತ್ತದೆ. ಮೇಲಿನಿಂದ ಪಂಪು ಎಳೆಯಲಾರದು. ಹಾಗಾಗಿ ರೈತರು ಬಾವಿಯ ಮಧ್ಯದಲ್ಲಿ ಕಲ್ಲಿನ ಕಟ್ಟೆ ಮಾಡಿ ಎಂಜಿನ್ನನ್ನು ಅಲ್ಲಿಗೇ ಇಳಿಸಿಬಿಡುತ್ತಿದ್ದರು. ಎಂಜಿನ್ ಎಲ್ಲಿಯೋ ಫಿಟ್ಟರ್ ಅಲ್ಲಿ. ಒಂದು ಹಲಗೆಗೆ ಹಗ್ಗ ಕಟ್ಟಿ, ಗಡಗಡೆಯ ಮೇಲೆ ಹಾಯಿಸಿ, ತೊಟ್ಟಿಲಿನ ಕೂಸಿನಂತೆ ನನ್ನನ್ನು ಇಳಿಸುತ್ತಿದ್ದರು. ಮೊದಮೊದಲು ಒಬ್ಬನೇ ಬೀಡಿ ಸೇದುತ್ತ ಒಂದೇ ಕೈಯಿಂದ ನನ್ನನ್ನು ಇಳಿಸಿಬಿಡುತ್ತಿದ್ದ. ನಾನು ಅಷ್ಟು ಹಗುರಾಗಿದ್ದೆ. ಆಮೇಲೆ ಹಗ್ಗ ಹಿಡಿಯುವವರು ಬೀಡಿ ಆರಿಸಿ ಬರತೊಡಗಿದರು. ಕೆಲವು ಕಾಲದ ನಂತರ ಬಾವಿಯ ದಂಡೆಯಲ್ಲಿ ನಿಂತು ಪಕ್ಕದ ಹೊಲದವರನ್ನು ಕೂಗತೊಡಗಿದರು.

ಮೈ ಕರಗಿಸಲು ನಾನು ಪ್ರಯತ್ನ ಮಾಡಲಿಲ್ಲವೆಂದಲ್ಲ. ಸಣ್ಣ ರೈಲಿಗೆ ಕಾಯುವಾಗ ಮನಮಾಡದ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಬಿರುಸಾಗಿ ನಡೆಯುವ ವ್ರತ ಹಿಡಿದೆ. ಆದರೆ ರೈಲ್ವೆಯವರು ಈ ತುದಿಯಲ್ಲೊಂದು, ಆ ತುದಿಯಲ್ಲೊಂದು ಬಟಾಟೆ ವಡೆಯ ಗಾಡಿ ನಿಲ್ಲಿಸಿದ್ದರು. ನಡೆದವನಿಗೆ ಹಸಿವಾಗುವುದು ಸಹಜ. ನಡುವೆ ಬಣ್ಣದ ದೀಪ ಮಿನುಗಿಸುವ ತೂಕದ ಯಂತ್ರವಿತ್ತು. ಕಾಸು ಹಾಕಿದರೆ ಒಂದು ಚೀಟಿ ಬರುತ್ತಿತ್ತು. ಒಂದು ಮಗ್ಗುಲಲ್ಲಿ ಭವಿಷ್ಯ, ಇನ್ನೊಂದು ಮಗ್ಗುಲಲ್ಲಿ ತೂಕ. ನಾನು ಉದಾರ ಮನಸ್ಸಿನವನೆಂದೂ ಶೀಘ್ರದಲ್ಲೇ ಉನ್ನತ ಸ್ಥಾನಕ್ಕೆ ಏರುವೆನೆಂದೂ ಓದಿಕೊಂಡು, ಚೀಟಿಯನ್ನು ತಿರುಗಿಸದೆ ಹರಿದುಹಾಕುತ್ತಿದ್ದೆ. ಒಮ್ಮೆ ಯೇವಲೆಯ ಹತ್ತಿರ ಒಬ್ಬರ ಮನೆಯಲ್ಲಿ ಉಳಿದಾಗ ಬೆಳಿಗ್ಗೆ ಎದ್ದು ಅಂಗಳದಲ್ಲಿ ಸೂರ್ಯನಮಸ್ಕಾರ ಹಾಕಿದೆ. ಮನೆಯ ಯಜಮಾನರು ನೋಡಿ, "ಅರೆ, ಮಿಸ್ತ್ರೀ ಪೈಲ್ವಾನ ಆದಾನ!" ಎಂದು ಸಂಭ್ರಮಪಟ್ಟು, ಪೈಲ್ವಾನನಿಗೆ ತಕ್ಕಂತೆ ಒಂದು ತಂಬಿಗೆ ಎಮ್ಮೆಯ ಹಾಲಿಗೆ ತುಪ್ಪ ಹಾಕಿ ತಂದು ನಿಲ್ಲಿಸಿದರು. ಅಲ್ಲಿಗೆ ಸೂರ್ಯನನ್ನು ಅವನ ಪಾಡಿಗೆ ಬಿಟ್ಟುಬಿಟ್ಟೆ.

ಆಗ ಹೊಳೆದದ್ದೇ ಆ ಉಪಾಯ. ಲಾಸಲಗಾಂವದ ಒಬ್ಬ ರೈತರ ಮನೆಯಲ್ಲಿ ತಟ್ಟೆಗೆ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತಿರುವಾಗ, ತಪ್ಪಿಸಿಕೊಳ್ಳುವ ದಾರಿ ಕಾಣದೆ, "ಇವತ್ತು ನನ್ನ ಉಪವಾಸ" ಎಂದುಬಿಟ್ಟೆ. ಹೋಳಿಗೆ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಮನೆಯಾಕೆ ತಟ್ಟೆಯನ್ನು ಭಕ್ತಿಯಿಂದ ಹಿಂದಕ್ಕೆ ತೆಗೆದುಕೊಂಡರು. ನಾನು ಗೆದ್ದೆನೆಂದುಕೊಂಡೆ. ನಮ್ಮ ತಾಯಿ ಸೋಮವಾರ ಮಾಡುತ್ತಿದ್ದ ಉಪವಾಸವೆಂದರೆ ಒಂದು ಬಾಳೆಹಣ್ಣು, ಅರ್ಧ ಲೋಟ ಹಾಲು. ಅದೇ ಲೆಕ್ಕದಲ್ಲಿ ನಾನಿದ್ದೆ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಅದರ ಹಿಂದೆ ತುಪ್ಪದಲ್ಲಿ ಹೊರಳಿದ ಸಾಬೂದಾಣಿ ಎಂಬ ಸಬ್ಬಕ್ಕಿಯ ಖಿಚಡಿ, ಅದರ ಮೇಲೆ ಶೇಂಗಾ ಪುಡಿ, ಪಕ್ಕದಲ್ಲಿ ಕರಿದ ಬಟಾಟೆ, ಬೆಲ್ಲದಲ್ಲಿ ಬೆಂದ ಗೆಣಸು, ಕೊನೆಗೆ ರಾಜಗಿರಿ ಉಂಡೆ ಬಂದವು. ಹೋಳಿಗೆಗಾದರೆ ಸಾಕು ಎನ್ನಬಹುದಿತ್ತು. ಇದು ದೇವರ ಹೆಸರಿನ ಊಟ. ಬಿಟ್ಟರೆ ವ್ರತಭಂಗ! ಎಲ್ಲವನ್ನೂ ತಿಂದೆ. ನಿಜ ಹೇಳಬೇಕೆಂದರೆ, ಹೋಳಿಗೆಗಿಂತ ಚೆನ್ನಾಗಿತ್ತು.

ಅಲ್ಲಿಗಾದರೂ ಬಿಡಬಹುದಿತ್ತು. ಬಿಡಲಿಲ್ಲ. ಧಾನ್ಯ ತಿಂದರೆ ತಾನೇ ಮೈ ಬರುವುದು, ಇದರಲ್ಲಿ ಧಾನ್ಯವೇ ಇಲ್ಲವಲ್ಲ ಎಂದು ನನಗೆ ನಾನೇ ವಕೀಲನಾದೆ. ಸೋಮವಾರ ಶಂಕರ, ಮಂಗಳವಾರ ಗಣಪತಿ, ಗುರುವಾರ ದತ್ತ, ಶನಿವಾರ ಮಾರುತಿ. ಆ ಸೀಮೆಯಲ್ಲಿ ವಾರದ ಯಾವ ದಿನವೂ ದೇವರಿಲ್ಲದೆ ಖಾಲಿ ಬಿದ್ದಿಲ್ಲ. ಸುದ್ದಿ ನನಗಿಂತ ಮೊದಲೇ ರೈಲು ಹತ್ತುತ್ತಿತ್ತು. ನಾನು ಊರು ತಲುಪುವಷ್ಟರಲ್ಲಿ ಸಾಬೂದಾಣಿ ನೆನೆದಿರುತ್ತಿತ್ತು. ಮುದುಕಿಯರು ನನ್ನನ್ನು ತೋರಿಸಿ ತಮ್ಮ ಗಂಡುಮಕ್ಕಳಿಗೆ, "ನೋಡ್ರೋ, ಎಣ್ಣಿ ಮಸಿ ಮೆತ್ತಿಕೊಂಡು ದುಡಿಯೋ ಮನಷ್ಯಾ, ಎಷ್ಟು ನೇಮ!" ಎನ್ನುತ್ತಿದ್ದರು. ಮಾತೆಲ್ಲ ಮರಾಠಿಯಲ್ಲಿ. ನಾಚಿಕೆ ಮಾತ್ರ ನನಗೆ ಕನ್ನಡದಲ್ಲೇ ಆಗುತ್ತಿತ್ತು, ಅದೂ ಊಟ ಮುಗಿದ ಮೇಲೆ.

ನನ್ನ ಹೆಂಡತಿ ಕಾಶಮ್ಮ ಮಾತ್ರ ಮೋಸಹೋಗಲಿಲ್ಲ. ಅಂಗಿಯ ಗುಂಡಿಗಳನ್ನು ಮತ್ತೆ ಮತ್ತೆ ಹೊಲಿಯುವವಳು ಅವಳೇ ಆಗಿದ್ದಳಲ್ಲ. "ಉಪವಾಸ ಮಾಡಿ ದಪ್ಪ ಆಗೋ ಮನಷ್ಯಾರಿಗಿ ಈ ಮನ್ಯಾಗೇ ನೋಡ್ಲಕತ್ತೀನಿ ನೋಡ್ರಿ" ಎಂದಳು. "ನೀರು ಬದಲಾಗ್ತದಲ್ಲ, ಅದಕ್ಕ ಮೈ ಬಾತಿರಬೇಕು" ಎಂದೆ. "ಹೌದ್ರಿ, ನೀರು ಬದಲಾಗಿ ತುಪ್ಪ ಆಗ್ಯಾದ" ಎಂದಳು.

ಕೊನೆಗೆ ಸಾವಕಾರರ ಕಿವಿಗೂ ಬಿತ್ತು. ಯಾವನೋ ಗಿರಾಕಿ ಅಂಗಡಿಗೆ ಬಂದು, "ಫಿಟ್ಟರ್‌ನ ಕಳಿಸೋದಾದ್ರ ಹಗ್ಗಾನೂ ನಿಮ್ಮದೇ ಕಳಸ್ರಿ" ಎಂದು ಹೇಳಿ ಹೋಗಿದ್ದ. ಸಾವಕಾರರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಲು ಹೊರಟು, ನಡುವೆಯೇ ನಿಂತುಬಿಟ್ಟರು. "ಎಂಜಿನ್ ತೂಕ ಪಟ್ಟೀ ಮ್ಯಾಲ ಬರದಿರ್ತದ. ನಿನ್ನ ತೂಕ ಎಲ್ಲಿ ಬರದದಪಾ? ಬಾವ್ಯಾಗ ಇಳಿಲಾರದ ಫಿಟ್ಟರ್ ನನಗ್ಯಾಕ ಬೇಕು? ಶಿವರಾತ್ರಿಗಿ ನಾ ವೇರೂಳದ ಜ್ಯೋತಿರ್ಲಿಂಗದ ದರ್ಶನಕ್ಕ ಹೊಂಟೀನಿ. ಬರಬೇಕಾದ್ರ ದೌಲತಾಬಾದ್ ಜಾಧವನ ಬಾವಿಗಿ ಬರ್ತೀನಿ. ಅಂವ ಎತ್ತು ಮಾರಿ ಇನ್ನೊಂದು ಎಂಜಿನ್ ತಗೋತೀನಿ ಅಂದಾನ. ಹಳೇದು ಕೆಟ್ಟು ಕುಂತದ. ಅದು ಚಾಲೂ ಆಗಿರಬೇಕು, ನೀ ಬಾವಿಯಿಂದ ಮ್ಯಾಲ ಬಂದಿರಬೇಕು. ಇಲ್ಲಂದ್ರ ಮರುದಿನದಿಂದ ಗೋದಾಮಿನ್ಯಾಗ ಕುಂತು ವಾಶರ್ ಎಣಸು."

ಆ ಮಾತು ನನ್ನ ಹೊಟ್ಟೆಯನ್ನೂ ದಾಟಿ ಒಳಗೆ ಹೋಯಿತು. ನನಗೆ ಬರುತ್ತಿದ್ದುದು ಒಂದೇ ವಿದ್ಯೆ. ಸತ್ತು ಬಿದ್ದ ಎಂಜಿನ್ನಿನ ಎದೆಗೆ ಕಿವಿ ಹಚ್ಚಿ, ಎಲ್ಲಿ ಉಸಿರು ಸಿಕ್ಕಿಕೊಂಡಿದೆ ಎಂದು ಹೇಳುವುದು. ಅದು ಮತ್ತೆ ಟಕ್ ಎಂದಾಗ ಬಾವಿಯ ಗೋಡೆಗಳೆಲ್ಲ ದನಿಗೂಡಿಸುತ್ತಿದ್ದವು. ಅದನ್ನು ಬಿಟ್ಟು ಗೋದಾಮಿನ ಕತ್ತಲೆಯಲ್ಲಿ ಕೂರುವುದೇ? ಶಿವರಾತ್ರಿಯ ದಿನ ನಿಜವಾಗಿಯೂ ಏನನ್ನೂ ಮುಟ್ಟುವುದಿಲ್ಲವೆಂದು ಆಣೆ ಮಾಡಿಕೊಂಡು ಹೊರಟೆ.

ಜಾಧವರು ಮೀಸೆಯ, ಕಡಿಮೆ ಮಾತಿನ ಮನುಷ್ಯ. ಅವರ ತಾಯಿಯನ್ನು ಊರೆಲ್ಲ ಆಯೀ ಎನ್ನುತ್ತಿತ್ತು. ಮನೆಯಲ್ಲಿ ಮೂವರು ಸೊಸೆಯಂದಿರು. ನಾನು ಅಂಗಳಕ್ಕೆ ಕಾಲಿಟ್ಟೊಡನೆ ಆಯೀ ಹೇಳಿದರು: "ಬಾ ರೇ ಬಾಬಾ. ನಿನ್ನಂಥ ನೇಮದವ ಶಿವರಾತ್ರಿ ದಿನ ನಮ್ಮ ಬಾಗಿಲಿಗೆ ಬಂದದ್ದು ನಮ್ಮ ಪುಣ್ಯ." ನಾನು ಕೈ ಮುಗಿದು, "ಆಯೀ, ಇವತ್ತು ನೀರು ಬಿಟ್ಟು ಏನೂ ಬೇಡ" ಎಂದೆ. "ನೀರು ಕುಡದು ಇರೋದು ನನ್ನಂಥ ಮುದುಕಿಯ ಕೆಲಸ. ನೀನು ಬಾವಿಗೆ ಇಳಿಯೋನು. ತಲೆ ತಿರುಗಿ ಬಿದ್ದರೆ ಆ ಪಾಪ ನನ್ನ ಮಗನಿಗೆ" ಎಂದರು. ಪಾಪದ ಮಾತು ಬಂದ ಮೇಲೆ ನಾನೇನು ಮಾಡಲಿ? ಮಣೆ ಹಾಕಿದರು. ಸಾಬೂದಾಣಿ ವಡೆ, ಉಪವಾಸಕ್ಕೆ ನಡೆಯುವ ವರಿ ಅಕ್ಕಿಯ ಅನ್ನಕ್ಕೆ ಶೇಂಗಾ ಸಾರು, ಗೆಣಸು, ಗಟ್ಟಿ ಮೊಸರು, ಅಲ್ಲಿಯವರು ಶಿವರಾತ್ರಿಗೆಂದೇ ಮಾಡುವ ಬೇಲದ ಹಣ್ಣಿನ ಚಟ್ನಿ. ಆ ಚಟ್ನಿಯ ರುಚಿಗೆ ನನ್ನ ಆಣೆ ಕರಗಿತು. ಬಡಿಸಲು ನಿಂತ ಆಯಿಯ ತುಟಿ ಒಣಗಿತ್ತು. ನಾನು ಅದನ್ನು ನೋಡಿದೆ. ನೋಡಿ ಇನ್ನೊಂದು ವಡೆ ಹಾಕಿಸಿಕೊಂಡೆ.

ಇಳಿಯುವಾಗ ತೊಂದರೆಯಾಗಲಿಲ್ಲ. ಭಾರವಾದದ್ದು ಕೆಳಗಿಳಿಯಲು ಯಾರ ಸಹಾಯವೂ ಬೇಕಿಲ್ಲ. ಹಗ್ಗ ಹಿಡಿದ ಆಳುಗಳೇ ದಂಡೆಯತ್ತ ಜಾರುತ್ತ ಬಂದರು, ಅಷ್ಟೆ. ಎಂಜಿನ್ನಿಗೆ ಕಿವಿ ಹಚ್ಚಿದೆ, ಡೀಸೆಲ್ ಬರುವ ದಾರಿಯಲ್ಲಿ ಕಸ ಕಟ್ಟಿತ್ತು. ಬಿಚ್ಚಿ, ತೊಳೆದು, ಹ್ಯಾಂಡಲ್ ತಿರುಗಿಸಿದೆ. ಟಕ್, ಟಕ್, ಟಕಟಕ! ಗೆದ್ದೆ ಎಂದುಕೊಂಡು ಹಲಗೆಯ ಮೇಲೆ ಕೂತು, "ಎಳೀರಿ" ಎಂದು ಕೂಗಿದೆ. ಎಳೆದರು. ಹಲಗೆ ಒಂದು ಮೊಳ ಎದ್ದು ಅಲ್ಲೇ ನಿಂತಿತು. ಮತ್ತೆ ಎಳೆದರು. ಎಳೆಯುವವರ ಉಸಿರು ಬಾವಿಯ ತಳಕ್ಕೆ ಕೇಳಿಸುತ್ತಿತ್ತು. ಆಮೇಲೆ ಮೇಲೆ ಏನೋ ಮಂತ್ರಾಲೋಚನೆ. "ಎತ್ತು ತರ್ರೀ" ಎಂಬ ಮಾತು ಕಿವಿಗೆ ಬಿತ್ತು.

ಎಂಜಿನ್ ಬರುವ ಮೊದಲು ಅದೇ ಬಾವಿಯಿಂದ ತೊಗಲಿನ ದೊಡ್ಡ ಚೀಲದಲ್ಲಿ ಎತ್ತುಗಳು ನೀರೆಳೆಯುತ್ತಿದ್ದವು. ಆ ಚೀಲಕ್ಕೆ ಮೋಟ ಎನ್ನುತ್ತಾರೆ. ಮಾರಲೆಂದು ಕೊಂಬಿಗೆ ಬಣ್ಣ ಹಚ್ಚಿ ನಿಲ್ಲಿಸಿದ್ದ ಆ ಜೋಡಿಯನ್ನೇ ತಂದು ಹಗ್ಗಕ್ಕೆ ಕಟ್ಟಿದರು. ಎತ್ತುಗಳು ಇಳಿಜಾರಿನಲ್ಲಿ ಗಂಭೀರವಾಗಿ ಹೆಜ್ಜೆಯಿಟ್ಟವು. ಮೋಟದ ಜಾಗದಲ್ಲಿ ನಾನು ತೊನೆಯುತ್ತ ಮೇಲೇರಿದೆ. ನನ್ನ ತಲೆ ದಂಡೆಯ ಮೇಲೆ ಕಾಣಿಸಿಕೊಂಡ ಕ್ಷಣಕ್ಕೆ ಸರಿಯಾಗಿ ಬಸಲಿಂಗಪ್ಪ ಸಾವಕಾರರು ವೇರೂಳದ ಬಿಲ್ವಪತ್ರೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಅಲ್ಲಿ ನಿಂತಿದ್ದರು. ಭವಿಷ್ಯದ ಚೀಟಿ ಹೇಳಿದ ಉನ್ನತ ಸ್ಥಾನ ಇದೇ ಇರಬೇಕು.

ಜಾಧವರು ಎತ್ತುಗಳ ಬೆನ್ನು ಸವರುತ್ತ ನಿಧಾನವಾಗಿ ಹೇಳಿದರು: "ಸಾವಕಾರ್, ನಿಮ್ಮ ಎಂಜಿನ್ ಚಲೋ ಐತಿ. ಆದ್ರ ಎಂಜಿನ್ ಕೆಟ್ರ ನಿಮ್ಮ ಫಿಟ್ಟರ್ ಬೇಕು, ಫಿಟ್ಟರ್‌ನ ಎತ್ತಬೇಕಂದ್ರ ಎತ್ತು ಬೇಕು. ನಾನು ಎತ್ತು ಮಾರಂಗಿಲ್ಲ." ಎತ್ತು ಮಾರದವನಿಗೆ ಹೊಸ ಎಂಜಿನ್ ಕೊಳ್ಳುವ ಮಾತೂ ಅಲ್ಲಿಗೇ ಮುಗಿಯಿತು. ಸಾವಕಾರರು ನನ್ನತ್ತ ತಿರುಗಿದರು. ಅವರು ಏನಾದರೂ ಹೇಳುವ ಮೊದಲೇ ಆಯೀ ಅಡ್ಡ ಬಂದರು. "ಬೈಬ್ಯಾಡ್ರಿ ಅವನಿಗೆ. ಪಾಪ, ಉಪವಾಸ ಮಾಡಿ ಮಾಡಿ ಮೈಯೆಲ್ಲ ಬಾತುಕೊಂಡೈತಿ!" ಹಿಂದಿನ ರಾತ್ರಿಯಿಂದ ಹನಿ ನೀರನ್ನಷ್ಟೇ ಕುಡಿದಿದ್ದ ಸಾವಕಾರರು ನನ್ನ ಮೀಸೆಗೆ ಅಂಟಿದ್ದ ಶೇಂಗಾ ಪುಡಿಯನ್ನು ನೋಡಿ, "ಹೌದ್ರೀ ಅವ್ವಾ, ಕಾಣಸ್ತದ" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗೋದಾಮಿಗೆ ಹೋದೆ. ತಿರುಗಾಟ ಇನ್ನೊಬ್ಬನ ಪಾಲಾಯಿತು. ವಾಶರ್‌ಗಳು ಮಾತಾಡುವುದಿಲ್ಲ, ಹಾಗಾಗಿ ನನಗೆ ಪಶ್ಚಾತ್ತಾಪ ಪಡಲು ಬೇಕಾದಷ್ಟು ಸಮಯವಿತ್ತು. ಫಿಟ್ಟರ್ ಕೆಲಸ ಹೋದದ್ದಕ್ಕಿಂತ ಆಯಿಯ ಆ ಒಣಗಿದ ತುಟಿ ಹೆಚ್ಚು ಕಾಡುತ್ತಿತ್ತು. ದೇವರ ಹೆಸರು ಹೇಳಿ ಮುಗ್ಧ ಜನರ ತುಪ್ಪ ತಿಂದ ಪಾಪಿ ನಾನು ಎಂದು ಕೊರಗುತ್ತಿದ್ದೆ. ನಿಧಾನವಾಗಿ ಆ ಕೊರಗೂ ಒಂದು ಬಗೆಯ ದೊಡ್ಡಸ್ತಿಕೆಯಾಯಿತು. ಅಷ್ಟು ದೊಡ್ಡ ಪಾಪಿ ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ.

ಕೆಲವು ವರ್ಷಗಳ ಮೇಲೆ ಆಯೀ ಗೋದಾವರಿ ಸ್ನಾನಕ್ಕೆಂದು ನಾಸಿಕಕ್ಕೆ ಬಂದವರು, ಹಿರಿಯ ಸೊಸೆಯನ್ನು ಕರೆದುಕೊಂಡು ಗೋದಾಮಿಗೆ ನನ್ನನ್ನು ಹುಡುಕಿಕೊಂಡು ಬಂದರು. ನನಗೆ ತಡೆಯಲಾಗಲಿಲ್ಲ. ಅವರ ಕಾಲು ಮುಟ್ಟಿ, "ಆಯೀ, ಕ್ಷಮಿಸಬೇಕು. ನಾನು ಒಂದು ದಿನವೂ ಉಪವಾಸ ಮಾಡಿದವನಲ್ಲ. ಹೋಳಿಗೆ ತಪ್ಪಿಸಲು ಸುಳ್ಳು ಹೇಳುತ್ತಿದ್ದೆ" ಎಂದೆ. ಕಣ್ಣಲ್ಲಿ ನೀರು ಬಂತು. ಆಯೀ ಸೊಸೆಯ ಮುಖ ನೋಡಿದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಅರೆ ವೇಡ್ಯಾ, ಹುಚ್ಚಪ್ಪಾ, ಅದು ಊರಿಗೇ ಗೊತ್ತಿತ್ತಲ್ಲೋ" ಎಂದರು ಆಯೀ. "ನನ್ನ ಮಗ ತುಪ್ಪದ ಗಡಿಗಿಗೆ ಬೀಗ ಹಾಕತಾನ. ಬೀಗ ತೆಗೆಯೋದು ದೇವರಿಗೆ, ಇಲ್ಲಾ ವ್ರತಸ್ಥರಿಗೆ. ನಮ್ಮ ಮನಿಗೆ ಬರೋ ವ್ರತಸ್ಥ ನೀನೊಬ್ಬನೇ. ನೀ ಬಂದ ದಿನ ನಿನಗೊಂದು ತಾಟು, ಒಳಗ ಈ ಹುಡುಗೇರಿಗೆ ಮೂರು ತಾಟು."

"ಈಗ ಬರೋ ಫಿಟ್ಟರ್ ಒಣ ಭಾಕರಿ ರೊಟ್ಟಿ ತಿಂದು ಹೋಗ್ತಾನ್ರೀ, ಭಾವೂ" ಎಂದರು ಸೊಸೆ, ನಗು ನಿಲ್ಲಿಸಿ, ನಿಜವಾದ ಸಂಕಟದಿಂದ. "ನೀವು ಫಿಟ್ಟರ್ ಇದ್ದಾಗ ನಿಮ್ಮನ್ನ ಕರಸಾಕಂತನ ನಾವು ಡೀಸೆಲ್‌ನಾಗ ಒಂದು ಹಿಡಿ ಕಸ ಹಾಕಿ ಎಂಜಿನ್ ಕೆಡಿಸತಿದ್ವಿ."

ಅವರು ಹೋದ ಮೇಲೆ ಮತ್ತೆ ವಾಶರ್ ಎಣಿಸಲು ಕೂತೆ. ಇಷ್ಟು ಕಾಲ ಜೋಪಾನ ಮಾಡಿಕೊಂಡು ಬಂದ ಪಾಪವನ್ನು ಆ ಇಬ್ಬರು ಹೆಂಗಸರು ನಗುನಗುತ್ತ ಎತ್ತಿಕೊಂಡು ಹೋಗಿದ್ದರು. ಸಂಜೆ ಕಾಶಮ್ಮನಿಗೆ ಎಲ್ಲ ಹೇಳಿ, "ನಾ ಪಾಪಿ ಅಲ್ಲ ಅಂತ ಆಯ್ತು. ಹಂಗಾದ್ರ ನಾ ಏನು?" ಎಂದು ಕೇಳಿದೆ. ಅವಳು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು ದಾರ ಕಚ್ಚಿ ಹರಿದು, "ದಪ್ಪ" ಎಂದಳು.