ಮಹಾರಾಜರ ವಂಶೋದ್ಧಾರ

ಊರಿನ ಅರ್ಧ ಗೋಡೆಗಳ ಬಣ್ಣ ನನ್ನ ಕೈಯಿಂದಲೇ ಹೊರಟದ್ದು! ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು ನಾನು. ಗಿರಾಕಿ ಬಂದು, "ಮಳೆಗೆ ಮುಂಚಿನ ಮೋಡದ ಬಣ್ಣ ಬೇಕು, ಆದರೆ ಸ್ವಲ್ಪ ಖುಷಿಯಾಗಿರಲಿ" ಅಂದರೂ ಸಾಕು, ಡಬ್ಬದಲ್ಲಿ ಕೋಲಾಡಿಸಿ ಕೈಗಿಡುತ್ತೇನೆ. ಇಂಥವನಿಗೆ ಯಃಕಶ್ಚಿತ್ ಕೋಳಿಯ ಪುಕ್ಕಕ್ಕೆ ಬೇಕಾದ ಬಣ್ಣ ಬರಿಸುವುದು ಯಾವ ಮಹಾ ವಿದ್ಯೆ?

ಲೆಕ್ಕ ಸುಲಭವಾಗಿತ್ತು. ಕಪ್ಪು ಹುಂಜ, ಬಿಳಿ ಹೇಂಟೆಗಳು. ಕಪ್ಪಿಗೆ ಬಿಳಿ ಬೆರೆತರೆ ಬೂದು. ಆ ಬೂದು ಗರಿಯ ಅಂಚಿಗೆ ಸೀರೆಯ ಬಾರ್ಡರಿನಂತೆ ತೆಳ್ಳಗೊಂದು ಕಪ್ಪು ಗೆರೆ. ಅಂಥದೊಂದು ಸಂತತಿಯನ್ನೇ ಸೃಷ್ಟಿಸಿ, ಊರಿನ ಕೋಳಿ ಪ್ರದರ್ಶನದಲ್ಲಿ 'ತಂದೆ ಮತ್ತು ಮಕ್ಕಳು' ವಿಭಾಗದ ಕಪ್ ಹೊಡೆದೇ ತೀರುತ್ತೇನೆಂದು ಮನೆಯವರ ಮುಂದೆ ಶಪಥ ಮಾಡಿದೆ.

"ರೀ, ಕೋಳಿ ಡಬ್ಬದಲ್ಲಿ ಬರಲ್ಲ" ಅಂದಳು ಹೆಂಡತಿ.

"ಬಣ್ಣ ಅಂದಮೇಲೆ ಬಣ್ಣ ಕಣೇ! ಗೋಡೆಯಾದ್ರೇನು, ಗರಿಯಾದ್ರೇನು?"

ಅವಳಿಗೆ ಚಿಂತೆ ಗರಿಯದಲ್ಲ, ಹಿತ್ತಿಲಿನದು. ಅಲ್ಲಿ ಅವಳು ಬಟ್ಟೆ ಒಣಹಾಕುವ ತಂತಿಯಿತ್ತು. ಅದನ್ನು ಬಿಚ್ಚಿ ಗೂಡು ಕಟ್ಟಿದರೆ ಒದ್ದೆ ಬಟ್ಟೆಯೆಲ್ಲ ನಡುಮನೆಗೇ ಬರಬೇಕು. ಕೊನೆಗೆ ಒಪ್ಪಂದವಾಯಿತು. ಕಪ್ ಬಂದರೆ ಹಿತ್ತಿಲು ಶಾಶ್ವತವಾಗಿ ನನ್ನದು. ಬರದಿದ್ದರೆ ತಂತಿ ವಾಪಸ್, ಬಟ್ಟೆ ಒಣಹಾಕುವ ಕೆಲಸವೂ ನನ್ನದೇ. ಅಮ್ಮ ಸಾಕ್ಷಿ.

ಹುಂಜ ಬಂತು. ಆಹಾ, ಅದೇನು ಮೈಬಣ್ಣ! ಕಪ್ಪೆಂದರೆ ಕಪ್ಪು, ಮೇಲೊಂದು ಹಸಿರು ಮಿಂಚು. ನಮ್ಮ ಅಂಗಡಿಯ ಅತ್ಯಂತ ದುಬಾರಿ ಪೇಂಟಿಗೂ ಅಂಥ ಹೊಳಪಿಲ್ಲ. 'ಮಹಾರಾಜ' ಎಂದು ಹೆಸರಿಟ್ಟೆ.

ಆಗ ಶುರುವಾಯಿತು ನನ್ನ ಭಯ. ಬಿಸಿಲಿಗೆ ಬಿಟ್ಟರೆ ಬಣ್ಣ ಕೆಂಪಗಾಗುತ್ತದೆ! ಕೆಸರಿಗಿಳಿದರೆ ಗರಿ ಮುರಿಯುತ್ತದೆ! ಹೇಂಟೆಗಳ ಜೊತೆ ಬಿಟ್ಟರೆ ಕುಕ್ಕಿಸಿಕೊಂಡು ಬಾಲ ಕಳೆದುಕೊಳ್ಳುತ್ತದೆ! ಹಾಗಾಗಿ ಮಹಾರಾಜರು ಮನೆಯೊಳಗೇ ಬಿಡಾರ ಹೂಡಿದರು. ನಡುಮನೆಯ ಸ್ಟೂಲಿನ ಮೇಲೆ, ಫ್ಯಾನಿನ ಕೆಳಗೆ. ವಾರಕ್ಕೊಮ್ಮೆ ಶಾಂಪೂ ಸ್ನಾನ. ಹೆಂಡತಿಯ ಹೇರ್ ಡ್ರೈಯರ್ ಹಿಡಿದು ನಾನೇ ಒಣಗಿಸುತ್ತಿದ್ದೆ.

"ಮದುವೆಯಾದಾಗಿನಿಂದ ನನ್ನ ತಲೆ ಒಂದು ದಿನ ಒರೆಸಿದ್ದೀರಾ?" ಅಂದಳು.

"ನೀನು ಪ್ರದರ್ಶನಕ್ಕೆ ಹೋಗ್ತಿಲ್ವಲ್ಲ!" ಅಂದುಬಿಟ್ಟೆ. ಅವತ್ತು ನನ್ನ ಊಟ ನಾನೇ ಬಡಿಸಿಕೊಂಡೆ.

ಸಂಜೆ ಅಂಗಡಿಯಿಂದ ಬಂದಮೇಲೆ ನನ್ನ ಉಸ್ತುವಾರಿಯಲ್ಲೇ ಮಹಾರಾಜರು ಹಿತ್ತಿಲಿಗೆ ದಯಮಾಡಿಸುತ್ತಿದ್ದರು. ಆದರೆ ಶಾಂಪೂ ಕಂಡ ಕಾಲು ಮಣ್ಣಿಗೆ ತಾಗಿದ ಕೂಡಲೇ ಒಂದನ್ನೆತ್ತಿ, ಹೇಂಟೆಗಳನ್ನು ಅಸಹ್ಯದಿಂದ ನೋಡಿ, ಬಾಗಿಲ ಕಡೆ ತಿರುಗಿಬಿಡುತ್ತಿದ್ದರು. ಶಪಥ ಮಾಡಿದವನು ನಾನು, ಭೀಷ್ಮನಾದದ್ದು ಅವರು! "ನಾಚಿಕೆ ಸ್ವಭಾವ" ಅಂದುಕೊಂಡು ನಾನು ಗೌರವದಿಂದ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ.

ಆದರೂ ಮೊಟ್ಟೆ ಬಂದವು. ಕಾವಿಗೆ ಕೂರಿಸಿದೆ. ಮರಿಗಳೂ ಹೊರಬಂದವು. ಮನೆಮಂದಿಯನ್ನೆಲ್ಲ ಕರೆದು, ನಾಟಕದ ಪರದೆ ಸರಿಸುವಂತೆ ಗೂಡಿನ ಗೋಣಿ ಸರಿಸಿದೆ.

ಬೂದು ಇಲ್ಲ. ಬಾರ್ಡರ್ ಇಲ್ಲ. ಬಿಳಿಯ ಮೇಲೆ ಇಟ್ಟಿಗೆ ಪುಡಿ ಚೆಲ್ಲಿದಂಥ ಮರಿಗಳು. ಅದೂ ಹೋಗಲಿ ಎಂದರೆ, ಒಂದಕ್ಕೂ ಕತ್ತಿನ ಮೇಲೆ ಪುಕ್ಕವೇ ಇಲ್ಲ! ಬೋಳು ಕತ್ತು, ಕೆಂಪಗೆ!

"ಅಯ್ಯೋ, ಚರ್ಮರೋಗ!" ಎಂದು ಕೂಗಿದೆ.

"ಅಲ್ಲ ಕಣೋ" ಅಂದರು ಅಮ್ಮ, ಶಾಂತವಾಗಿ. "ಅಪ್ಪನ ಹೋಲಿಕೆ."

ಅಮ್ಮ ಕೈತೋರಿದ ಕಡೆ ನೋಡಿದೆ. ಬೇಲಿಯ ಮೇಲೆ ಪಕ್ಕದ ಮನೆಯ ಕಂಡಕ್ಟರರ ಹುಂಜ ಕೂತಿತ್ತು. ಇಟ್ಟಿಗೆ ಬಣ್ಣ, ಬೋಳು ಕತ್ತು. "ಅರ್ಧಂಬರ್ಧ ಮಾಡಿ ಬಿಟ್ಟ ಗೋಡೆ" ಎಂದು ನಾನೇ ಅದನ್ನು ಸಾವಿರ ಸಲ ಆಡಿಕೊಂಡಿದ್ದೆ.

"ಅಮ್ಮಾ, ನೀನು ನೋಡ್ತಾನೇ ಇದ್ಯಾ?"

"ದಿನಾ ಬರ್ತಿತ್ತು. ನಿನ್ನ ಮಹಾರಾಜ ಫ್ಯಾನ್ ಕೆಳಗೆ ತೂಕಡಿಸ್ತಿದ್ದ. ಯಾರಾದರೊಬ್ಬರು ಕೆಲಸ ಮಾಡ್ಬೇಕಲ್ಲಪ್ಪ!"

ಹೆಂಡತಿ ನಕ್ಕಳೋ ನಕ್ಕಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹೇಗೂ ಬಣ್ಣದವರು, ಕತ್ತಿಗೆ ಒಂದು ಕೋಟ್ ಹೊಡೆದುಬಿಡಿ" ಅಂದಳು.

ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತು. ಅಂಗಡಿಯವರೆಲ್ಲ ನೋಡಲು ಬರುವವರಿದ್ದರು. ಹಿಂದೆ ಸರಿದರೆ ಮಾನ ಹೋಗುತ್ತದೆ, ಜೊತೆಗೆ ಹಿತ್ತಿಲೂ! ಮರಿಗಳು ಮೊಣಕಾಲೆತ್ತರ ಬೆಳೆಯುವವರೆಗೂ ತಲೆ ಕೆರೆದುಕೊಂಡು, ಕೊನೆಗೆ ಹಳೇ ಕಾಲುಚೀಲ ಕತ್ತರಿಸಿ ಎಲ್ಲಕ್ಕೂ ಬೂದು ಬಣ್ಣದ ಮಫ್ಲರ್ ತೊಡಿಸಿದೆ. ಕತ್ತಿಗಾದರೂ ನಾನಂದ ಬಣ್ಣ ಬಂದಂತಾಯಿತು!

ತೀರ್ಪುಗಾರರು ಪಂಜರದ ಮುಂದೆ ನಿಂತರು. "ಇದೇನ್ರೀ?"

"ಶೀತ ಸಾರ್. ಎಲ್ಲಕ್ಕೂ."

ಅವರು ಒಂದರ ಮಫ್ಲರ್ ಎಳೆದರು. ಬೋಳು ಕತ್ತು ಹೊರಬಂತು. ಇನ್ನೊಂದರದು ಎಳೆದರು. ಅದೂ ಬೋಳು. ಹೊಳೆಯುವ ಮಹಾರಾಜರನ್ನು ನೋಡಿದರು, ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು. "ತಂದೆ ಎಲ್ಲಿ?"

"ಇಲ್ಲಿದಾನೆ ಸಾರ್!"

ಹಿಂದಿನಿಂದ ದನಿ ಬಂತು. ಕಂಡಕ್ಟರ್! ಕೂಗುವ ಸ್ಪರ್ಧೆಗೆಂದು ತಮ್ಮ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಬಂದಿದ್ದವರು, ಬಸ್ಸಿನಲ್ಲಿ ನುಗ್ಗುವಂತೆಯೇ ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಸ್ವಲ್ಪ ಒಳಗೆ ಹೋಗಪ್ಪಾ, ಮುಂದೆ ಜಾಗ ಇದೆ" ಎನ್ನುತ್ತ ಅದನ್ನು ಮರಿಗಳ ಜೊತೆ ಬಿಟ್ಟು, ಮಹಾರಾಜರನ್ನು ತೆಗೆದು ನನ್ನ ಕೈಗಿಟ್ಟರು.

ತೀರ್ಪುಗಾರರ ಮುಖ ಅರಳಿತು. "ಅದ್ಭುತ! ತಂದೆಯ ಲಕ್ಷಣ ಒಂದು ಮರಿಯಲ್ಲೂ ತಪ್ಪಿಲ್ಲ!" ಕಪ್ ಕಂಡಕ್ಟರರ ಕೈ ಸೇರಿತು. ನಾನು ಮಹಾರಾಜರನ್ನು ಎದೆಗವಚಿಕೊಂಡು ಚಪ್ಪಾಳೆ ತಟ್ಟಲೂ ಆಗದೆ ನಿಂತೆ.

ಮನೆಗೆ ಬಂದಮೇಲೆ ಕೊನೆಯ ಪ್ರಯತ್ನ ಮಾಡಿದೆ. "ನೋಡು, ಕಪ್ ಬಂದಿದ್ದು ನಮ್ಮ ಹಿತ್ತಿಲ ಮರಿಗಳಿಗೇ. ಒಪ್ಪಂದದ ಪ್ರಕಾರ..."

"ಒಪ್ಪಂದ ಅಂದ್ರೆ ಒಪ್ಪಂದ. ಕಪ್ ಗೆದ್ದವನಿಗೇ ಹಿತ್ತಿಲು" ಅಂದವಳೇ ಬೇಲಿಯ ಕಡೆ ತಿರುಗಿ, "ಕಂಡಕ್ಟರ್ ಅವ್ರೇ, ನಾಳೆಯಿಂದ ನಿಮ್ಮ ಹುಂಜ ಬೇಲಿ ಹಾರೋದು ಬೇಡ. ಬಾಗಿಲಿಂದಲೇ ಬರಲಿ!" ಅಂದಳು. ಅಮ್ಮ ಸಾಕ್ಷಿಯಾಗಿ ತಲೆಯಾಡಿಸಿದರು.

ಈಗ ಗೂಡಿನ ಮೇಲೆಯೇ ತಂತಿ ಹಾದುಹೋಗಿದೆ. ನಿಜ ಹೇಳುತ್ತೇನೆ, ನನಗೇನೂ ಬೇಸರವಿಲ್ಲ. ಬೋಳು ಕತ್ತಿನ ಮರಿಗಳು ಕಾಲಿಗೆ ಸುತ್ತಿಕೊಳ್ಳುತ್ತವೆ, ಅವುಗಳ ಮೇಲೆ ಪ್ರೀತಿಯೂ ಬಂದಿದೆ. ಮಹಾರಾಜರು ಕಿಟಕಿಯಿಂದ ನನ್ನ ಕೆಲಸ ನೋಡುತ್ತಾರೆ. ನಿನ್ನೆ ಬಟ್ಟೆ ಒಣಹಾಕುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಕೂಗಿದಳು:

"ರೀ, ಬಿಸಿಲು ಜೋರಾಗಿದೆ! ನೆರಳಿಗೆ ಬನ್ನಿ, ಬಣ್ಣ ಹೋಗುತ್ತೆ!"

ನನ್ನ ಕಣ್ಣು ತುಂಬಿತು. ಮಹಾರಾಜರಿಗೆ ನಾನು ತೋರಿದ ಕಾಳಜಿ ಕೊನೆಗೂ ನನಗೆ ಸಿಕ್ಕಿತಲ್ಲ! "ಇರಲಿ ಬಿಡೇ, ನನಗೇನೂ ಆಗಲ್ಲ" ಅಂದೆ.

"ನಿಮಗಲ್ಲ ರೀ, ನಿಮ್ಮ ಕೈಲಿರೋ ಸೀರೆಗೆ! ಬಣ್ಣದ ಅಂಗಡಿಯವರಿಗೆ ಇಷ್ಟೂ ಗೊತ್ತಾಗಲ್ವಾ?"