ಬೀಗದವನು ಮನೆ ಸೇರಿದ ವಿಧಾನ

ಗುರುತಿನ ವ್ಯವಸ್ಥೆ ಇಲ್ಲದ ಸಾಕುಪ್ರಾಣಿ ಎಲ್ಲೇ ಇರಲಿ, ಅದನ್ನು ಕಳೆದುಹೋದದ್ದೆಂದೇ ಭಾವಿಸತಕ್ಕದ್ದು ಎಂಬುದು ನಗರಸಭೆಯ ನಿಯಮ. ಅದು ಸಾಕಿದವರ ಮಡಿಲಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದರೂ ನಿಯಮಕ್ಕೆ ಬಾಧೆಯಿಲ್ಲ. ಹೀಗಾಗಿ ಬೀಗ ರಿಪೇರಿಯವನ ನಾಯಿ ಮಂಕ, ಅವನದೇ ಅಂಗಡಿಯ ಮೆಟ್ಟಿಲ ಮೇಲೆ, ಅವನದೇ ಚಪ್ಪಲಿಗೆ ಮೂತಿ ಒತ್ತಿಕೊಂಡು ಮಲಗಿದ್ದಾಗ ಕಳೆದುಹೋದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ.

“ಇದು ನನ್ನ ನಾಯಿ,” ಎಂದ ಬೀಗದವನು, ಅರ ಹಿಡಿದ ಕೈ ಹಾಗೇ ನಿಲ್ಲಿಸಿ.

“ಇರಬಹುದು,” ಎಂದ ನಗರಸಭೆಯ ವ್ಯಾನಿನವನು. “ಆದ್ರೆ ಅದನ್ನ ನೀವು ಹೇಳ್ತಿದೀರಿ. ನಾಯಿ ಹೇಳ್ತಿಲ್ಲವಲ್ಲ.”

“ಬಾಲ ಆಡಿಸ್ತಿದೆ ನೋಡಿ.”

“ನನ್ನ ನೋಡಿದ್ರೂ ಆಡಿಸ್ತಿದೆ. ಹಾಗಂತ ನನ್ನ ನಾಯಿ ಅನ್ನೋಕಾಗುತ್ತಾ?”

ಮಾತು ನ್ಯಾಯವಾಗಿತ್ತು. ಮಂಕ ಯಾರ ಒತ್ತಾಯವೂ ಇಲ್ಲದೆ ತಾನೇ ವ್ಯಾನು ಹತ್ತಿತು. ಸವಾರಿ ಎಂದರೆ ಅದಕ್ಕೆ ಪ್ರಾಣ.

ನಾಯಿ ಹೋದರೆ ಇನ್ನೊಂದು ಸಾಕಿಕೊಳ್ಳಬಹುದಲ್ಲ ಎಂದು ಪಕ್ಕದ ಅಂಗಡಿಯವರು ಸಮಾಧಾನ ಹೇಳಿದರು. ಅವರಿಗೆ ಬೀಗದವನ ಅಮ್ಮನ ಪರಿಚಯವಿರಲಿಲ್ಲ. ಅಮ್ಮನಿಗೆ ಕಿವಿ ಪೂರ್ತಿ ಕೇಳಿಸದು. ಮಗನ ಬೀಗಗಳ ಮೇಲೆ ನಂಬಿಕೆಯೂ ಇಲ್ಲ. “ನೀನು ತೆಗೆಯೋ ಬೀಗ ಕಳ್ಳನೂ ತೆಗೀತಾನೆ ಕಣೋ,” ಎಂದು ಹೊತ್ತು ಇಳಿಯುತ್ತಲೇ ಒಳಗಿನಿಂದ ಹಳೆಯ ಮರದ ಅಗುಳಿ ಜಡಿಯುತ್ತಿದ್ದಳು. ಸಂಜೆ ಮಗ ಬಂದು ಬಾಗಿಲು ಬಡಿದರೆ ಕೇಳಿಸುತ್ತಿದ್ದದ್ದು ಮಂಕನಿಗೆ. ಅಂಗಡಿಯಿಂದ ಜೊತೆಗೇ ಬಂದ ಅದು ಹಿತ್ತಿಲ ಗೋಡೆಯ ಕಿಂಡಿಯಲ್ಲಿ ನುಸುಳಿ ಒಳಹೋಗಿ ಅಮ್ಮನ ಬಟ್ಟೆಯ ಅಂಚು ಕಚ್ಚಿ ಎಳೆಯುತ್ತಿತ್ತು, ಅವಳು ಬೈದುಕೊಂಡು ಬಂದು ಅಗುಳಿ ಸರಿಸುತ್ತಿದ್ದಳು. ಮಂಕನಿಲ್ಲದ ಮೊದಲ ಸಂಜೆ ಬೀಗದವನು ಅಡುಗೆಮನೆಯ ಕಿಟಕಿಯ ಹೊರಗೆ ನಿಂತು, ಅಮ್ಮ ಒಲೆಯಿಂದ ಮುಖ ತಿರುಗಿಸುವವರೆಗೆ ಎರಡೂ ಕೈ ಬೀಸಿದ. ಊರಿಗೆಲ್ಲ ಬಾಗಿಲು ತೆರೆದುಕೊಡುವವನಿಗೆ ತನ್ನ ಮನೆಯ ಬಾಗಿಲೇ ತೆರೆಯದು ಎಂಬುದು ಅವನಿಗೆ ನಿಜಕ್ಕೂ ಅಳು ತರಿಸಿತು.

ಮರುದಿನ ಅವನು ‘ಕಳೆದುಹೋದ ಸಾಕುಪ್ರಾಣಿಗಳ ಮನೆ ಸೇರ್ಪಡೆ ವಿಭಾಗ’ಕ್ಕೆ ಹೋದ. ಸಾಹೇಬರು ಸಜ್ಜನರು. ಕುರ್ಚಿ ತೋರಿಸಿದರು, ನೀರು ತರಿಸಿದರು, ನಾಯಿಯನ್ನು ಮಾತ್ರ ಕೊಡಲಿಲ್ಲ.

“ಕೊಡಬೇಕು ಅಂತಲೇ ಈ ವಿಭಾಗ ಇರೋದು,” ಎಂದರು. “ಆದ್ರೆ ಯಾವ ವಿಧಾನದಲ್ಲಿ ಗುರುತು ಹಿಡಿದು ಕೊಡಬೇಕು ಅನ್ನೋದು ಇನ್ನೂ ಆಯ್ಕೆಯಾಗಿಲ್ಲ. ವಿಧಾನ ಇಲ್ಲದೆ ಕೊಟ್ರೆ ಅದು ಕೊಟ್ಟ ಹಾಗೆ ಆಗಲ್ಲ, ನಾಯಿ ತಪ್ಪಿಸಿಕೊಂಡ ಹಾಗೆ ಆಗುತ್ತೆ.”

ವಿಧಾನಗಳು ಮೂರಿದ್ದವು. ಕೊರಳಪಟ್ಟಿ, ಕಿವಿಗೆ ಹಚ್ಚೆ, ಚರ್ಮದಡಿಯಲ್ಲಿ ಚಿಪ್. ಪಟ್ಟಿ ತಯಾರಿಸುವವನು ಸಾಹೇಬರ ಭಾವಮೈದ. ಹಚ್ಚೆಯ ಯಂತ್ರ ತರಿಸುವವರು ಸಾಹೇಬರ ಚಿಕ್ಕಪ್ಪ. ಚಿಪ್‌ನ ವ್ಯಾಪಾರಿ ಸಾಹೇಬರ ಮಗಳನ್ನು ನೋಡಿಕೊಂಡು ಹೋಗಿದ್ದ ಹುಡುಗ. ಮೂರಕ್ಕೂ ಅದರದರ ವೈಜ್ಞಾನಿಕ ಅನುಕೂಲಗಳಿದ್ದವು. ಹುಡುಗ ಬೇರೆ ಕಡೆ ಒಪ್ಪಿಗೆ ಕೊಟ್ಟ ಮೇಲೆ ಚಿಪ್‌ನಲ್ಲಿ ಅನೇಕ ದೋಷಗಳು ಕಂಡುಬಂದವು. ಚಿಕ್ಕಪ್ಪ ಪಾಲಿನ ತಕರಾರು ಎತ್ತಿದ ದಿನವೇ ಹಚ್ಚೆ ಪ್ರಾಣಿಹಿಂಸೆ ಎಂಬ ಸತ್ಯ ಹೊಳೆಯಿತು. ಉಳಿದದ್ದು ಕೊರಳಪಟ್ಟಿ. ಸಾಹೇಬರ ಹೆಂಡತಿ ಅದನ್ನು ಮೊದಲಿನಿಂದಲೂ ಹೇಳುತ್ತಿದ್ದರು.

ಇನ್ನು ಪ್ರಯೋಗ ನಡೆಯಬೇಕಿತ್ತು, ಅದಕ್ಕೊಂದು ಸಮಿತಿ ಕೂಡಿತು. ಮಂಕನ ಕೊರಳಿಗೆ ಪಟ್ಟಿ ಕಟ್ಟಿ ಕಚೇರಿಯ ಗೇಟಿನಿಂದ ಬಿಟ್ಟರು. ಅದು ಎಲ್ಲೂ ನಿಲ್ಲದೆ ಓಡಿ, ಮನೆಯ ಹಿತ್ತಿಲ ಗೋಡೆಯ ಕಿಂಡಿಯಲ್ಲಿ ನುಸುಳಿ ಅಮ್ಮನ ಕಾಲಬುಡಕ್ಕೆ ಹೋಗಿ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಸಮಿತಿಯಲ್ಲಿದ್ದ ಪಶುವೈದ್ಯೆ, ಪಟ್ಟಿ ಇಲ್ಲದೆಯೂ ಒಮ್ಮೆ ಬಿಟ್ಟು ನೋಡೋಣ ಎಂದುಬಿಟ್ಟಳು. ಹೊಸಬಳು, ತಿಳಿಯದೆ ಹೇಳಿದ ಮಾತು. ಮತ್ತೆ ಗೇಟಿಗೆ ತಂದು ಬಿಟ್ಟರು. ಕೊರಳು ಹಗುರವಾದ್ದರಿಂದ ಮಂಕ ಇನ್ನೂ ಬೇಗ ಮನೆ ಸೇರಿತು.

ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಭಾವಮೈದ ಆಗಲೇ ಗೋದಾಮು ತುಂಬ ಪಟ್ಟಿ ಹೊಲಿಸಿಟ್ಟಿದ್ದ.

“ತಪ್ಪು ಪಟ್ಟಿಯದಲ್ಲ,” ಎಂದು ಕೊನೆಗೆ ನಿರ್ಧರಿಸಿದರು. “ಈ ನಾಯಿಗೆ ಮನೆ ಗೊತ್ತು. ಪ್ರಯೋಗಕ್ಕೆ ಇದು ನಾಲಾಯಕ್ಕು.”

“ಹಾಗಾದ್ರೆ ನಂಗೆ ಕೊಟ್ಟುಬಿಡಿ ಸಾರ್,” ಎಂದ ಬೀಗದವನು.

“ಹೇಗೆ ಕೊಡಲಿ? ಮನೆ ಗೊತ್ತಿರೋ ನಾಯಿ ಕಳೆದುಹೋಗಿಲ್ಲ ಅಂತಾಯ್ತು. ಕಳೆದುಹೋಗದೆ ಇರೋದನ್ನ ಮನೆ ಸೇರಿಸೋ ಅಧಿಕಾರ ಈ ವಿಭಾಗಕ್ಕಿಲ್ಲ. ಮೀರಿದ್ರೆ ನನ್ನ ಕೆಲಸ ಹೋಗುತ್ತೆ.”

ಅವರ ಕೆಲಸ ಹೋಗುವುದು ಬೀಗದವನಿಗೂ ಇಷ್ಟವಿರಲಿಲ್ಲ. ಮಂಕ ಮತ್ತೆ ಬೋನಿಗೆ ಹೋಯಿತು.

ಆದರೆ ಬೋನಿನ ಚಿಲಕವನ್ನು ಮಂಕ ಮೂತಿಯಿಂದ ಎತ್ತಿ ಹೊರಬರತೊಡಗಿತು. ಎಷ್ಟಾದರೂ ಬೀಗದಂಗಡಿಯಲ್ಲಿ ಬೆಳೆದ ಜೀವ. ಗಟ್ಟಿ ಬೀಗ ಹಾಕಿಕೊಡಿ ಎಂದು ವಿಭಾಗದಿಂದ ಬೀಗದವನಿಗೇ ಕರೆ ಬಂತು. ಅವನು ಸಲಕರಣೆ ಪೆಟ್ಟಿಗೆ ಹಿಡಿದು ಹೋದ. ಮಂಕ ಅವನ ಕಿವಿ ನೆಕ್ಕಿತು. ಅವನು ಅದರ ತಲೆ ಸವರಿ, ಒಳಗೆ ತಳ್ಳಿ, ಬೀಗ ಕೂರಿಸಿದ. ಎಳೆದು ನೋಡಿದ, ಜಗ್ಗಿ ನೋಡಿದ, ಕಾಲು ಕೊಟ್ಟು ಒದ್ದು ನೋಡಿದ. ಅಲುಗಲಿಲ್ಲ. ಕೀಲಿಕೈ ಸಾಹೇಬರ ಕೈಗೆ ಕೊಟ್ಟ.

“ಒಂದಿಷ್ಟು ಸಡಿಲ ಬಿಡಬಾರದಿತ್ತೇ?” ಎಂದು ಪಶುವೈದ್ಯೆ ಪಿಸುಗುಟ್ಟಿದಳು.

“ಕೆಲಸ ಅಂದ್ರೆ ಕೆಲಸ ಅಮ್ಮಾ,” ಎಂದ ಬೀಗದವನು. ಹಾಗೆ ಹೇಳಿದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡ.

ಆ ಮುಸ್ಸಂಜೆ ಅಡುಗೆಮನೆಯ ಕಿಟಕಿಯೂ ಮುಚ್ಚಿತ್ತು. ಗಾಳಿಗೆ ಒಲೆ ಆರುತ್ತದೆಂದು ಅಮ್ಮ ಮುಚ್ಚಿಕೊಂಡಿದ್ದಳು. ಬಡಿದ, ಕೂಗಿದ, ಕಿಂಡಿಯಲ್ಲಿ ತಲೆ ತೂರಿಸಿದ. ತಲೆ ಹೋಯಿತು, ಹೆಗಲು ಹೋಗಲಿಲ್ಲ. ಸೋತು ಹೊಸ್ತಿಲ ಮೇಲೆ ಕೂತ. ಅಷ್ಟರಲ್ಲಿ ನಗರಸಭೆಯ ವ್ಯಾನು ಬಂತು.

“ಇಲ್ಯಾಕೆ ಕೂತಿದೀರಿ?”

“ಇದು ನನ್ನ ಮನೆ.”

“ಇರಬಹುದು,” ಎಂದ ವ್ಯಾನಿನವನು. “ಒಳಗಿನವರು ಹೇಳ್ತಿಲ್ಲವಲ್ಲ.”

ಬೀಗದವನಿಗೆ ಈ ತರ್ಕದ ಪರಿಚಯವಿತ್ತು. ಮಂಕನ ಹಾಗೆಯೇ ತಾನಾಗಿ ವ್ಯಾನು ಹತ್ತಿದ. ಬೇರೆ ಜಾಗವಿಲ್ಲದ್ದರಿಂದ, ಸಾಹೇಬರ ಮನೆಯಿಂದ ಕೀಲಿಕೈ ತರಿಸಿ, ಅವನನ್ನು ಮಂಕನ ಬೋನಿನಲ್ಲೇ ಇಟ್ಟರು. ಒಳಗಿನಿಂದ ತನ್ನ ಬೀಗವನ್ನು ಜಗ್ಗಿ ನೋಡಿದ. ಒಳ್ಳೆಯ ಕೆಲಸ ಎಂದು ಅನಿಸದೆ ಇರಲಿಲ್ಲ. ಮಂಕ ಅವನ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿತು, ಅವನಿಗೂ ಸೊಂಪಾದ ನಿದ್ದೆ ಬಂತು.

ಬೆಳಿಗ್ಗೆ ಬಂದ ಸಾಹೇಬರ ಮುಖ ಅರಳಿತು. ಮನೆ ಸೇರಬೇಕು, ಆದರೆ ಸೇರಲಾಗದು. ಇಂಥ ಅರ್ಹ ಜೀವವನ್ನೇ ಅವರು ಹುಡುಕುತ್ತಿದ್ದದ್ದು. ಕೂಡಲೇ ಬೀಗದವನ ಕೊರಳಿಗೆ ಪಟ್ಟಿ ಬಿಗಿದರು.

“ಸ್ವಲ್ಪ ಕೆರೆಯುತ್ತೆ ಸಾರ್.”

“ಮೊದಮೊದಲು ಹಾಗೇ. ಆಮೇಲೆ ಮರೆತುಹೋಗುತ್ತೆ,” ಎಂದ ಭಾವಮೈದ, ಅನುಭವಸ್ಥನಂತೆ.

ಪಟ್ಟಿ ಧರಿಸಿದವರು ಜೊತೆಗೆ ಒಂದು ಪ್ರಾಣಿಯನ್ನು ಕರೆದೊಯ್ಯಬಹುದು ಎಂಬ ಉಪನಿಯಮವನ್ನು ಪಶುವೈದ್ಯೆ ಸಮಯಕ್ಕೆ ಸರಿಯಾಗಿ ಎತ್ತಿ ಹೇಳಿದಳು. ಅಂಥ ಉಪನಿಯಮ ಇದೆಯೋ ಇಲ್ಲವೋ ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಅವಳು ಕೆಲಸ ಕಲಿಯುತ್ತಿದ್ದಳು.

ಮುಂದೆ ಮಂಕ, ಹಿಂದೆ ಬೀಗದವನು, ಅವನ ಹಿಂದೆ ಇಡೀ ಸಮಿತಿ ನಡೆಯಿತು. ಬಾಗಿಲು ರಾತ್ರಿ ಜಡಿದ ಹಾಗೇ ಇತ್ತು. ಬೀಗದವನು ಬಡಿದ. ಮಂಕ ಕಿಂಡಿಯಲ್ಲಿ ನುಸುಳಿತು. ಒಳಗೆ ಅಮ್ಮ ಬೈಯುವುದು ಕೇಳಿಸಿತು, ಅಗುಳಿ ಸರಿಯಿತು, ಬಾಗಿಲು ತೆರೆಯಿತು.

“ಇದೇನೋ ಕೊರಳಲ್ಲಿ?” ಎಂದಳು ಅಮ್ಮ, ಅವನ ಕೆನ್ನೆ ಮುಟ್ಟಿ ನೋಡುತ್ತ. “ಇರ್ಲಿ ಬಿಡು, ಒಪ್ಪುತ್ತೆ.”

“ಗಮನಿಸಿ,” ಎಂದು ಸಾಹೇಬರು ಸಮಿತಿಯತ್ತ ತಿರುಗಿದರು. “ನಿನ್ನೆ ಪಟ್ಟಿ ಇರಲಿಲ್ಲ, ಬಾಗಿಲು ತೆರೀಲಿಲ್ಲ. ಇವತ್ತು ಪಟ್ಟಿ ಇದೆ, ಬಾಗಿಲು ತೆರೀತು. ಇನ್ನೇನು ಪುರಾವೆ ಬೇಕು?”

ಯಾರಿಗೂ ಬೇಕಿರಲಿಲ್ಲ. ಪಶುವೈದ್ಯೆಯೂ ಚಪ್ಪಾಳೆ ತಟ್ಟಿದಳು.

ಸಾಕುಪ್ರಾಣಿಗಳು ಸುರಕ್ಷಿತವಾಗಿ ಮನೆ ಸೇರುವ ಸಲುವಾಗಿ ಅವುಗಳನ್ನು ಸಾಕಿದವರೆಲ್ಲರೂ ಇನ್ನು ಮುಂದೆ ಕೊರಳಪಟ್ಟಿ ಧರಿಸತಕ್ಕದ್ದು ಎಂಬ ಪ್ರಕಟಣೆ ಹೊರಟಿತು. ಜನ ಒಂದೆರಡು ದಿನ ಗೊಣಗಿದರು. ಆಮೇಲೆ ಬಣ್ಣಗಳ ಬಗ್ಗೆ ಮಾತಾಡತೊಡಗಿದರು. ನಾಯಿ ಇಲ್ಲದವರು ಕೂಡ, ನಾಳೆ ಬಾಗಿಲು ತೆರೆಯದಿದ್ದರೆ ಯಾಕೆ ತಾಪತ್ರಯ ಎಂದು ಒಂದೊಂದು ಕಟ್ಟಿಕೊಂಡರು. ಪಟ್ಟಿಯ ಕೊಂಡಿ ಸುಮ್ಮಸುಮ್ಮನೆ ಕಳಚಿಕೊಳ್ಳುತ್ತದೆ ಎಂಬ ದೂರು ಬಂದಾಗ ವಿಭಾಗದವರು ಬೀಗದವನನ್ನೇ ಕರೆದರು. ಅವನು ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡಿ, ಇದೂ ಒಂದು ಕೆಲಸವೇ ಎಂದು ಮುಖ ಸಿಂಡರಿಸಿದ. ಒಂದು ವಾರ ಕೂತು, ಯಾರು ಎಷ್ಟು ಜಗ್ಗಿದರೂ ಅಲುಗದ ಪುಟ್ಟ ಬೀಗವೊಂದನ್ನು ಮಾಡಿ ಎಲ್ಲರ ಪಟ್ಟಿಗೂ ಕೂರಿಸಿದ. ಕೀಲಿಕೈಗಳು ಸಾಹೇಬರ ಬಳಿ ಇವೆ.

ಈಗ ದಿನವೂ ಸಂಜೆ ಬೀಗದವನು ಬಾಗಿಲು ಬಡಿಯುತ್ತಾನೆ, ಮಂಕ ಬಟ್ಟೆ ಎಳೆಯುತ್ತದೆ, ಅಮ್ಮ ಅಗುಳಿ ಸರಿಸುತ್ತಾಳೆ. ವಾರಕ್ಕೊಮ್ಮೆ ವ್ಯಾನಿನವನು ಅಂಗಡಿಗೆ ಬಂದು, ಪಟ್ಟಿ ನೋಡಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸುತ್ತಾನೆ. ಮೆಟ್ಟಿಲ ಮೇಲೆ ಬರಿಗೊರಳಲ್ಲಿ ಮಲಗಿದ ಮಂಕನ ತಲೆ ಸವರಿ, ಬೀಗದವನತ್ತ ಬೆರಳು ತೋರಿಸಿ, “ಇವರು ನಿಮ್ಮವರೇ ತಾನೆ?” ಎಂದು ಕೇಳುತ್ತಾನೆ.

ಮಂಕ ಬಾಲ ಆಡಿಸುತ್ತದೆ. ಅಷ್ಟು ಸಾಕು ಎಂದು ಅವನು ಹೊರಟುಹೋಗುತ್ತಾನೆ.