ನನ್ನ ಮಹಾಪ್ರಬಂಧಕ್ಕೆ ಸಿಕ್ಕ ಬಿಡುವು

ಬರೆಯಲು ಬಿಡುವಿಲ್ಲ ಎನ್ನುವವರಿಗೆ ಬಿಡುವು ಕೊಡಬಾರದು. ಅವರ ಮಾನ ಉಳಿಯುವುದಿಲ್ಲ. ಬಳ್ಳಾರಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು, ಕುರುಗೋಡು ಸುತ್ತಲಿನ ಆಡುಮಾತಿನ ಮೇಲೆ ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ವರ್ಷಗಳೇ ಆಗಿದ್ದವು. ಯೋಜನೆಯೇನೋ ಭರ್ಜರಿಯಾಗಿತ್ತು. ಅಧ್ಯಾಯಗಳಿಗೆ ಹೆಸರಿಟ್ಟಿದ್ದೆ, ಇಟ್ಟ ಹೆಸರುಗಳನ್ನು ಬದಲಿಸಿಯೂ ಇದ್ದೆ. ಬರವಣಿಗೆ ಮಾತ್ರ ಶುರುವಾಗಿರಲಿಲ್ಲ. ಕೇಳಿದವರಿಗೆಲ್ಲ, "ಮನಿ ಕೆಲ್ಸದಾಗ ಎಲ್ಲಿ ಆಗತೈತಿ ಹೇಳ್ರಿ" ಎನ್ನುತ್ತಿದ್ದೆ. ಈ ಮಾತು ಸಿರುಗುಪ್ಪದಲ್ಲಿದ್ದ ನನ್ನ ಅತ್ತೆಯ ಕಿವಿಗೂ ಬಿತ್ತು. ದಸರೆಯೊಳಗೆ ಒಂದು ಅಧ್ಯಾಯವಾದರೂ ಬಾರದಿದ್ದರೆ ನೋಂದಣಿ ರದ್ದಾದೀತೆಂದು ಮಾರ್ಗದರ್ಶಕರು ಎಚ್ಚರಿಸಿದ ವಾರವೇ ಅತ್ತೆ ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಗಂಟುಮೂಟೆಯೊಂದಿಗೆ ಬಂದಿಳಿದರು.

"ಅಡಿಗಿ, ಮನಿ ಎಲ್ಲಾ ನಾ ನೋಡ್ಕೊಂತೀನಿ. ನೀ ಕುಂತು ಬರಿಯವಾ" ಎಂದರು.

ಕುಳಿತೆ. ಫಜೀತಿ ಶುರುವಾದದ್ದೇ ಆಗ. ಕುಕ್ಕರ್ ಕೂಗಿದರೂ ಏಳುವಂತಿಲ್ಲ. ನೆರೆಯವರು ಬಂದರೆ ಅತ್ತೆ ಬಾಗಿಲಲ್ಲೇ ತಡೆದು, "ಮೆಲ್ಲಕ ಮಾತಾಡ್ರಿ, ಸೊಸಿ ಪುಸ್ತಕ ಬರಿಯಾಕ ಹತ್ಯಾಳ" ಎಂದು ಸಾಗಹಾಕುತ್ತಿದ್ದರು. ಒಳಗೆ ಸೊಸೆ 'ಪ್ರಸ್ತುತ ಅಧ್ಯಯನವು' ಎಂದು ಬರೆದು, ಅಳಿಸಿ, ಮತ್ತೆ ಅದನ್ನೇ ಬರೆಯುತ್ತಿದ್ದಳು. ಕಾಗದದ ನೆಪದಲ್ಲಿ ಬ್ರೂಸ್‌ಪೇಟೆಗೆ ಹೊರಟರೆ, ಅದನ್ನೂ ತಮ್ಮ ಮಗನ, ಅಂದರೆ ನನ್ನ ಗಂಡನ ಕೈಯಲ್ಲಿ ತರಿಸಿಬಿಟ್ಟರು. ಕೊನೆಗೊಂದು ಮಧ್ಯಾಹ್ನ ತಡೆಯಲಾರದೆ, ಚವಳಿಕಾಯಿ ಮುರಿಯುತ್ತಿದ್ದ ಅವರ ಪಕ್ಕ ಹೋಗಿ ಕುಳಿತೆ. ಕಣ್ಣು ತುಂಬಿತ್ತು.

"ನನ್ನ ಕೈಲಿ ಆಗಂಗಿಲ್ಲ ಅತ್ತಿ. ಬಿಟ್‌ಬಿಡ್ತೀನಿ."

ಅವರು ಸಮಾಧಾನವನ್ನೇನೂ ಹೇಳಲಿಲ್ಲ. "ಬಿಡೋದು ಇದ್ದ ಐತಿ. ಏನು ಬರಿಬೇಕಂತಿದ್ದಿ, ಅದನ್ನರ ಹೇಳು."

ಹೇಳಿದೆ. ಕುರುಗೋಡಿನ ಒಂದು ಮನೆಯಲ್ಲಿ ಅತ್ತೆ ಸೊಸೆ ಇಡೀ ದಿನ ಕನ್ನಡದಲ್ಲಿ ಮಾತಾಡುತ್ತಿದ್ದವರು, ಜಗಳ ಬಂದೊಡನೆ ತೆಲುಗಿಗೆ ಹಾರುತ್ತಿದ್ದರು. ರಾಜಿಯಾದರೆ ಮತ್ತೆ ಕನ್ನಡ.

ಅತ್ತೆ ಬಿದ್ದು ಬಿದ್ದು ನಕ್ಕರು. "ತೆಲುಗು ನಮಗೂ ಬರತೈತಿ. ಇಷ್ಟು ವರ್ಷ ದಂಡ ಮಾಡಿದ್ವಲ್ಲವಾ! ಆಮ್ಯಾಲ?"

ಕಾಯಿ ಮುಗಿದರೂ ನನ್ನ ಮಾತು ಮುಗಿಯಲಿಲ್ಲ. ಅಷ್ಟು ದಿನ ಮುಖ ಕಾಣದ ಪರೀಕ್ಷಕರಿಗೆ ಹೆದರಿಕೊಂಡೇ ಕುಳಿತಿದ್ದೆ; ಕೇಳಲು ಮನಸ್ಸಿದ್ದ ಮುಖವೊಂದು ಎದುರಿಗೆ ಸಿಕ್ಕಾಗ ಹೆದರಿಕೆ ಮರೆತೇಹೋಯಿತು. ಎದ್ದು ಹೋಗಿ, ಅವರಿಗೆ ಹೇಳಿದ ಹಾಗೆಯೇ ಬರೆದೆ. ದಸರೆಗೆ ಮುಂಚೆ ಅಧ್ಯಾಯ ಮುಗಿಯಿತು. ಮಾರ್ಗದರ್ಶಕರು ಓದಿ, "ಇದು ಓದಿಸ್ಕೊಂಡು ಹೋಗತೈತಲ್ರೀ!" ಎಂದು ಅನುಮಾನದಿಂದಲೇ ಒಪ್ಪಿದರು. ನೋಂದಣಿ ಉಳಿಯಿತು. ಅತ್ತೆ ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದರು.

ಈಗ ಎರಡನೆಯ ಅಧ್ಯಾಯ. ಹೇಳಲು ಬೇಕಾದಷ್ಟಿದೆ. ಸಂಜೆ ಫೋನ್ ಮಾಡಿದರೆ ಅತ್ತೆ, "ತಡಿಯವಾ, ಸೀರಿಯಲ್ ನಡದೈತಿ" ಎನ್ನುತ್ತಾರೆ. ತರಗತಿಯಲ್ಲಿ ಒಂದೇ ನೋಟಕ್ಕೆ ಹುಡುಗರ ಬಾಯಿ ಮುಚ್ಚಿಸುವ ನಾನು, ಫೋನನ್ನು ಕಿವಿಗೆ ಹಿಡಿದು, ಜಾಹೀರಾತು ಬರುವ ತನಕ ಸುಮ್ಮನೆ ಕೂರುತ್ತೇನೆ.